ಆಚೆ ದಡದ ಹೇಳಿಕೆ

ಉದ್ದಿನ ಗಿಡ ಕಿತ್ತಾಗ ಬೇರಿನ ಜೊತೆ ಮಣ್ಣು ಬರಲಿಲ್ಲ, ಧೂಳು ಬಂತು, ಗದ್ದೆ ಕೆಲಸದ ಹುಕ್ರಪ್ಪ ಅದನ್ನು ಎರಡು ಸಲ ಪಾದಕ್ಕೆ ಬಡಿದು ನೋಡಿದ, ಕೋಡು ಒಡೆದು ಒಳಗಿನದನ್ನು ಅಂಗೈಗೆ ಉದುರಿಸಿಕೊಂಡ, ಎಳ್ಳಿನಷ್ಟು ಗಾತ್ರ, ಊದಿದರೆ ಹಾರಿಹೋಗುವಂಥದ್ದು — ಫೆಬ್ರವರಿ ಇನ್ನೂ ಅರ್ಧ ಆಗಿಲ್ಲ, ಈಗಲೇ ಗದ್ದೆ ಬಿರುಕು ಬಿಟ್ಟಿದೆ ಎಂದುಕೊಂಡಳು ಪ್ರಭಾವತಿ ಗದ್ದೆಯಂಚಿನ ಹುಣಿಯ ಮೇಲೆ ನಿಂತು, ಹೆಗಲಲ್ಲಿ ಕಾಲೇಜಿನ ಚೀಲ, ಮೂಡುಬಿದಿರೆಯ ಬಸ್ಸಿಗೆ ಇನ್ನು ಹದಿನೈದೇ ನಿಮಿಷ, ಆದರೂ ಕಾಲು ಏಳುವುದಿಲ್ಲ, ಭತ್ತ ಕೊಯ್ದ ಗದ್ದೆಗೆ ಉದ್ದು ಚೆಲ್ಲಿದರೆ ಮಾರ್ಚಿನವರೆಗೆ ತಿರುಗಿ ನೋಡಬೇಕಾಗಿರಲಿಲ್ಲ, ತೋಡಿನಲ್ಲಿ ಹರಿವಿಗೆ ಅಡ್ಡ ಕಟ್ಟ ಇರುತ್ತಿತ್ತು, ಕಟ್ಟದ ಹಿಂದೆ ನೀರು, ಆ ನೀರು ಯಾರ ಕಣ್ಣಿಗೂ ಕಾಣದೆ ಆರು ಮನೆಯ ಗದ್ದೆಗಳ ಅಡಿಗೆ ಇಳಿಯುತ್ತಿತ್ತು, ಈ ವರ್ಷ ತೋಡಿನಲ್ಲಿ ಕಲ್ಲು ಮಾತ್ರ, ಕಲ್ಲಿನ ಮೇಲೆ ಹಕ್ಕಿಯ ಹಿಕ್ಕೆ. ಇವತ್ತು ಶಾಂತಿ ಸಭೆ ಉಂಟಲ್ವಾ ಅಮ್ಮಾ, ಎಂದ ಹುಕ್ರಪ್ಪ, ತಲೆ ಎತ್ತದೆ. ಉಂಟು, ನಾಲ್ಕು ಗಂಟೆಗೆ, ಪಂಚಾಯತಿಯಲ್ಲಿ. ನೀವು ಮಾತಾಡ್ತೀರಾ. ಅವಳು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು, ಅವನು ಇನ್ನೊಂದು ಗಿಡ ಕಿತ್ತ, ತೋಡಿನಾಚೆಯ ಕುಂಞಿ ಸಾಹೇಬ್ರು ಮನೆ ಬಿಟ್ಟು ಕಕ್ಕಿಂಜೆಗೆ ಹೋಗುವುದಂತೆ, ಮಗಳ ಮನೆ ಹತ್ತಿರ, ಹಸುಗಳನ್ನು ಆಗಲೇ ಕೊಟ್ಟಾಯ್ತು, ಆಯಿಶಮ್ಮ ಹಟ್ಟಿಯ ಬಾಗಿಲಲ್ಲಿ ಕೂತು ಅತ್ತರಂತೆ, ಎಂತ ಮಾಡುವುದು ಹೇಳಿ, ಒಬ್ಬರು ಸರಿಯಾಗಿ ಒಂದು ಮಾತು ಹೇಳಿದ್ದರೆ — ಅಲ್ಲಿಗೆ ನಿಲ್ಲಿಸಿದ, ಒಬ್ಬರು ಎಂದರೆ ಯಾರೆಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು, ಬಸ್ಸಿನ ಹಾರನ್ ತಿರುವಿನ ಆಚೆ ಕೇಳಿತು.

ಆ ಮಾತನ್ನು ಇವತ್ತು ಹೇಳುತ್ತೇನೆ, ಸೀಟಿನಲ್ಲಿ ಕೂತು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತ ಅವಳು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಾಳೆ, ಮಹಮ್ಮದ್ ಕುಂಞಿಯವರ ಮನೆಗೆ ಕಟ್ಟದ ಹೇಳಿಕೆ ಕೊಡದೆ ಇದ್ದದ್ದು ನಾನು, ಯಾರೂ ನನಗೆ ಬೇಡ ಅನ್ನಲಿಲ್ಲ, ಅದು ನನ್ನ ತಪ್ಪು — ಮೂರು ತುಂಡು, ನಡುವೆ ಅಳು ಬರದಿದ್ದರೆ ಸಾಕು. ಕಟ್ಟ ಕಟ್ಟುವ ಮೊದಲು ಮನೆಮನೆಗೆ ಹೋಗಿ ಹೇಳಿಕೆ ಕೊಟ್ಟು ಕರೆಯುವುದು ಅವಳ ಮನೆಯವರು, ಅಪ್ಪ ಜಿನರಾಜರು ನಲವತ್ತು ವರ್ಷ ಕೊಟ್ಟರು, ಡಿಸೆಂಬರಿನಲ್ಲಿ ತೋಡು ಮೊಣಕಾಲಿಗೆ ಇಳಿದಾಗ ಬಿಳಿ ಪಂಚೆ ಉಟ್ಟು ಉಳಿದ ಐದು ಮನೆಗೂ ನಡೆದೇ ಹೋಗುವುದು, ಅಂಗಳದಲ್ಲಿ ನಿಲ್ಲುವುದು, ಅವರು ಬೆಲ್ಲ ನೀರು ಕೊಡುವುದು, ಇವರು ಕುಡಿದು ತಂಬಿಗೆ ಕೆಳಗಿಟ್ಟ ಮೇಲೆ, ನಾಡಿದ್ದು ಕಟ್ಟ, ಮನೆಗೊಂದಾಳು, ಅಷ್ಟೇ ಮಾತು, ಫೋನಿನಲ್ಲಿ ಹೇಳುವುದಲ್ಲ, ಆಳಿನ ಕೈಯಲ್ಲಿ ಹೇಳಿಸುವುದಲ್ಲ, ಹೇಳಿಕೆ ಇಲ್ಲದೆ ಯಾರೂ ನೀರಿಗೆ ಇಳಿಯುವುದಿಲ್ಲ, ಹೇಳಿಕೆ ಬಂದ ಮೇಲೆ ಯಾರೂ ತಪ್ಪಿಸುವುದಿಲ್ಲ, ಎರಡು ಸಾಲು ಗೂಟ, ನಡುವೆ ತೆಂಗಿನ ಮಡಲು, ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು, ಸಂಜೆಯೊಳಗೆ ಮುಗಿಯಬೇಕು, ಜೂನಿನ ಮೊದಲ ಮಳೆಗೆ ಎಲ್ಲ ಕೊಚ್ಚಿಹೋಗುತ್ತದೆ, ಅದಕ್ಕೆ ಯಾರೂ ಅಳುವುದಿಲ್ಲ, ಮುಂದಿನ ವರ್ಷ ಮತ್ತೆ ಹೇಳಿಕೆ. ಒಂದು ವರ್ಷ ನೆರೆಮನೆಯ ಮುಂಡಪ್ಪಣ್ಣನ ಮೇಲೆ ಗಡಿಯ ವ್ಯಾಜ್ಯ, ಬಂಟ್ವಾಳದ ಕೋರ್ಟಿನಲ್ಲಿ ಅಪ್ಪನಿಗೆ ಜಯ, ಅದೇ ವಾರ ಕಟ್ಟ, ಅಪ್ಪ ಮೊದಲು ಹೋದದ್ದು ಮುಂಡಪ್ಪಣ್ಣನ ಅಂಗಳಕ್ಕೆ, ಅಮ್ಮ ಸಿಟ್ಟಾದಳು, ಗೆದ್ದವರು ನೀವು, ಅವನೇ ಬರಲಿ, ಅಪ್ಪ ಪಂಚೆ ಕೊಡವುತ್ತ, ಸೋತವನ ಮನೆಗೆ ಮೊದಲು ಹೋಗಬೇಕು, ಇಲ್ಲದಿದ್ದರೆ ಅವನು ಸೋತದ್ದನ್ನೇ ಉಣ್ಣುತ್ತ ಕೂರ್ತಾನೆ, ಎಂದರು — ಅಪ್ಪ ಎಂಟನೇ ಕ್ಲಾಸು ಓದಿದವರು, ವಿಯೆನ್ನಾ ಎಂಬ ಊರಿನ ಹೆಸರೇ ಕೇಳದವರು, ಅವಳು ಮೂವತ್ತು ವರ್ಷದಿಂದ ಕರಿಹಲಗೆಯ ಮೇಲೆ ಬರೆಯುವುದು ಅದನ್ನೇ, ಸಾವಿರದ ಎಂಟುನೂರ ಹದಿನೈದು, ವಿಯೆನ್ನಾದಲ್ಲಿ ಸಭೆ, ಯುರೋಪಿಗೆ ಬೆಂಕಿ ಇಟ್ಟ ಫ್ರಾನ್ಸು ಸೋತು ಕೂತಿದೆ, ಗೆದ್ದ ನಾಲ್ವರು ಅದಕ್ಕೂ ಕುರ್ಚಿ ಹಾಕಿದರು, ಮೂರು ವರ್ಷದೊಳಗೆ ತಮ್ಮ ಐದನೆಯವನಾಗಿ ಕೂರಿಸಿಕೊಂಡರು, ನೂರು ವರ್ಷ ಇಡೀ ಭೂಖಂಡಕ್ಕೆ ಬೆಂಕಿ ಹತ್ತಲಿಲ್ಲ, ಸಣ್ಣಪುಟ್ಟ ಜಗಳ ಬಿಟ್ಟರೆ, ಯಾವ ಒಪ್ಪಂದವೂ ಒಂದೇ ಸಲಕ್ಕೆ ಕಟ್ಟಿ ಮುಗಿಯುವುದಿಲ್ಲ ಮಕ್ಕಳೇ, ವರ್ಷ ವರ್ಷ ಕೂತು ಮಾತಾಡಬೇಕು, ನಮ್ಮ ತೋಡಿನ ಕಟ್ಟದ ಹಾಗೆ, ಎಂದು ಅವಳು ಹೇಳುವಾಗ ಬಾಗಲಕೋಟೆ, ರಾಯಚೂರಿನಿಂದ ಬಂದ ಮಕ್ಕಳು ಕಟ್ಟ ಅಂದರೆ ಎಂತ ಮೇಡಂ ಎಂದು ನಗುತ್ತಿದ್ದರು, ಅವಳ ಬಾಯಿಯ ಎಂತ ಎಂಬುದನ್ನೇ ಅಣಕಿಸಿ, ಅವಳೂ ನಗುತ್ತಿದ್ದಳು. ಬಸ್ಸು ಸಿದ್ಧಕಟ್ಟೆ ದಾಟಿತು, ಮುಂದಿನ ಸೀಟಿನವನ ಫೋನಿನಲ್ಲಿ ಯಾವುದೋ ದೇಶದ ಮೇಲೆ ಕ್ಷಿಪಣಿ ಬೀಳುತ್ತಿದೆ, ಕಟ್ಟಡ ಮಂಡಿಯೂರಿದ ಹಾಗೆ ಕುಸಿಯಿತು, ಅವನು ಬೆರಳಿನಿಂದ ಮೇಲೆ ತಳ್ಳಿದ, ಮೀನು ಹುರಿಯುವ ವೀಡಿಯೋ ಬಂತು.

ಮೂರನೆಯ ವರ್ಷದ ಕ್ಲಾಸಿನಲ್ಲಿ ಹನ್ನೊಂದು ಮಕ್ಕಳು, ಫ್ಯಾನಿನ ಕಟಕಟ, ಸಾವಿರದ ಒಂಬೈನೂರ ಹದಿನಾಲ್ಕು, ಪಾಠ ಇವತ್ತೇ ಇಲ್ಲಿಗೆ ಬಂದು ನಿಲ್ಲಬೇಕೇ, ಜೂನ್ ಇಪ್ಪತ್ತೆಂಟಕ್ಕೆ ಆಸ್ಟ್ರಿಯಾದ ಯುವರಾಜನಿಗೆ ಗುಂಡು, ಅದಾದ ಮೇಲೆ ಒಂದು ತಿಂಗಳು ಏನೂ ಆಗದ ಹಾಗೆ ಕಾಣುತ್ತದೆ, ಜರ್ಮನಿಯ ದೊರೆ ಹಡಗು ಹತ್ತಿ ನಾರ್ವೆಗೆ ವಿಹಾರ ಹೋದ, ಎಲ್ಲರೂ ರಜೆಯಲ್ಲಿ, ರಷ್ಯದ ದೊರೆಗೂ ಅವನಿಗೂ ನಂಟು, ಮುದ್ದಿನ ಹೆಸರು ಹಾಕಿ ಒಬ್ಬರಿಗೊಬ್ಬರು ತಂತಿ ಕಳಿಸುತ್ತಿದ್ದರು, ಕೊನೆಯ ದಿನದವರೆಗೂ. ಮೊದಲ ಬೆಂಚಿನ ಬ್ರಾಹ್ಮಿ, ಕಾರ್ಕಳದ ಹುಡುಗಿ, ಹೇಳಿದ್ದನ್ನೆಲ್ಲ ಬರೆದುಕೊಳ್ಳುವವಳು, ಪೆನ್ನು ಕೆಳಗಿಟ್ಟು ಕೇಳಿದಳು, ಮೇಡಂ, ಯಾರಿಗೂ ಬೇಡ ಇತ್ತು ಅಂತಾದರೆ ಯುದ್ಧ ಆದದ್ದು ಹೇಗೆ. ಅವಳು ಕಿಟಕಿಯ ಕಡೆ ನೋಡಿದಳು, ಎದುರಿನ ಬಸದಿಯ ಕಲ್ಲುಮಾಡಿನ ಮೇಲೆ ಬಿಸಿಲು — ಹೇಗೆಂದರೆ ಬ್ರಾಹ್ಮೀ, ನವೆಂಬರ್ ಇಪ್ಪತ್ತನಾಲ್ಕಕ್ಕೆ ಅವ್ವಮ್ಮ ತೀರಿಕೊಂಡರು, ಮಹಮ್ಮದ್ ಕುಂಞಿಯ ತಾಯಿ, ತೊಂಬತ್ತರ ಹತ್ತಿರ, ನಾನು ಸಣ್ಣವಳಿರುವಾಗ ಅವರ ತಮ್ಮನ ಮಗಳು, ಈಗ ಕುಂಞಿಯ ಹೆಂಡತಿ, ಆಯಿಶಳ ಜೊತೆ ಅವರ ಜಗಲಿಯಲ್ಲಿ ಆಡುತ್ತಿದ್ದವಳು, ಆ ಮನೆಯಲ್ಲಿ ಮೀನಿನ ದಿನ ನನಗೆಂದೇ ಬೇರೆ ಪಾತ್ರೆಯಲ್ಲಿ ಅವಲಕ್ಕಿ ಕಲಸಿಡುತ್ತಿದ್ದರು, ಈ ಮಗುವಿಗೆ ನಮ್ಮದು ಆಗ್ಲಿಕ್ಕಿಲ್ಲ, ಎಂದು, ಹೋಗಿ ಮುಖ ನೋಡಿ ಬಂದೆ, ಆಯಿಶ ಕೈ ಹಿಡಿದುಕೊಂಡು ಬಿಡಲಿಲ್ಲ. ಡಿಸೆಂಬರ್ ನಾಲ್ಕಕ್ಕೆ ಹೇಳಿಕೆಗೆ ಹೊರಟೆ, ಹನ್ನೊಂದನೆಯ ದಿನ, ಅಪ್ಪ ಹೋದ ಮೇಲೆ ಈ ಎಂಟು ವರ್ಷ ನಾನೇ ಹೋಗುವುದು, ಸೀರೆಯ ನೆರಿಗೆ ಎತ್ತಿಕೊಂಡು ಸಾಲಾಗಿ ನಾಲ್ಕು ಮನೆ, ಐದನೆಯದು ತೋಡಿನ ಆಚೆ, ಅವರ ಗೇಟಿಗೆ ಕೈ ಇಟ್ಟೆ, ಆಗ ನೆನಪಾಯಿತು, ಸಾವಿನ ಮನೆಗೆ ಹೇಳಿಕೆ ಕೊಂಡುಹೋಗುವುದಲ್ಲ, ಹದಿಮೂರು ದಿನ ಕಳೆಯಬೇಕು, ಅಪ್ಪ ಯಾವತ್ತೂ ಹೋದವರಲ್ಲ, ದುಃಖದಲ್ಲಿ ಇರುವವರನ್ನು ಕೆಲಸಕ್ಕೆ ಕರೆಯುವುದು ಮರ್ಯಾದೆಯಲ್ಲ, ಕೈ ತೆಗೆದೆ, ತಿರುಗಿದೆ — ಅವರಲ್ಲಿ ಮೂರೇ ದಿನ, ಸೂತಕ ಎಂಬುದೇ ಇಲ್ಲ, ಅರುವತ್ತು ವರ್ಷ ತೋಡಿನ ಈಚೆ ಬದುಕಿ ಅದು ನನಗೆ ಹೊಳೆಯಲಿಲ್ಲ, ಮರ್ಯಾದೆ ಮಾಡುತ್ತಿದ್ದೇನೆ ಎಂದೇ ತಿಳಿದು ತಿರುಗಿದೆ, ಆ ದಿನಗಳಲ್ಲೇ ಎಲ್ಲರ ಫೋನಿನಲ್ಲಿ ಒಂದು ಸಂದೇಶ ಓಡಾಡುತ್ತಿತ್ತು, ಆ ಮತದವರನ್ನು ಯಾವ ಕೆಲಸಕ್ಕೂ ಕರೆಯಬೇಡಿ ಎಂದು, ಹೀಗೆ ಬ್ರಾಹ್ಮೀ. ಆದರೆ ಬಾಯಿಂದ ಬಂದದ್ದು, ಕಾರಣಗಳು ಐದು, ಬರೆದುಕೊಳ್ಳಿ, ಒಂದು, ಗುಪ್ತ ಒಪ್ಪಂದಗಳು — ಹನ್ನೊಂದು ಪೆನ್ನು ಓಡಿದವು.

ತಪ್ಪು ಅಲ್ಲಿಯೇ, ಗೇಟಿನಲ್ಲಿ, ಮತ್ತೆಲ್ಲೂ ಅಲ್ಲ, ವಾಪಸು ಬಸ್ಸಿನಲ್ಲಿ ಅವಳು ಅದನ್ನೇ ಹಿಡಿದು ಕೂತಳು, ಗೇಟು ಎಂದರೆ ಗೇಟು, ಉಳಿದದ್ದೆಲ್ಲ ಅದರ ಫಲ, ಆದರೆ ಕಣ್ಣು ಮುಚ್ಚಿದರೆ ಗೇಟು ಕಾಣುವುದಿಲ್ಲ, ತೋಡು ಕಾಣುತ್ತದೆ, ಡಿಸೆಂಬರ್ ಆರು, ಶನಿವಾರ, ಐದು ಮನೆಯ ಆಳುಗಳು ಮೊಣಕಾಲ ನೀರಿನಲ್ಲಿ, ಗೂಟ ಹೊಡೆಯುವ ಸದ್ದು, ಹುಕ್ರಪ್ಪನ ಹಾಸ್ಯ, ಮುಂಡಪ್ಪಣ್ಣನ ಮೊಮ್ಮಗ ಜಿತೇಶ್ ಹೊಸ ಗಮ್‌ಬೂಟು ಹಾಕಿ ಬಂದಿದ್ದ, ಮದಿಮಾಯನಿಗೆ ನೀರು ತಾಗ್ಲಿಕ್ಕಿಲ್ಲ, ಜಾಗ್ರತೆ, ಎಂದು ಹುಕ್ರಪ್ಪ, ಎಲ್ಲರೂ ನಕ್ಕರು, ಮದುಮಗನ ಹಾಗೆ ನಾಚಿದ ಜಿತೇಶ್, ಆ ನಗು ಇನ್ನೂ ಮುಗಿದಿರಲಿಲ್ಲ, ಆಚೆ ದಡದ ಮೇಲೆ ಮಹಮ್ಮದ್ ಕುಂಞಿ, ತಲೆಯ ಮೇಲೆ ಸೊಪ್ಪಿನ ಹೊರೆ, ಆಗಷ್ಟೇ ಕಡಿದ ಹಸಿ ಸೊಪ್ಪು, ಇಬ್ಬನಿ ಕಿವಿಯ ಪಕ್ಕ ಇಳಿದು ಬನಿಯನಿನ ಹೆಗಲು ಒದ್ದೆ, ಹೊರೆ ಇಳಿಸದೆ ನಿಂತಿದ್ದರು. ಜಿತೇಶ್ ನೀರಿನಿಂದಲೇ ಕೇಳಿದ, ನಗುವಿನ ದನಿಯಲ್ಲೇ, ಎಂತ ಸಾಹೇಬ್ರೇ, ನಿಮಗೆ ಹೇಳಿಕೆ ಬಂದಿದೆಯಾ. ಗೂಟ ಹೊಡೆಯುವ ಸದ್ದು ನಿಂತಿತು. ಕುಂಞಿ ಜಿತೇಶನ ಕಡೆ ನೋಡಿದರು, ಹೌದು ಜಿತೇಶನ ಕಡೆಯೇ — ಎಷ್ಟು ಹೊತ್ತು, ಅರ್ಧ ನಿಮಿಷ ಇರಬಹುದು, ಅಷ್ಟೂ ಇರಲಿಕ್ಕಿಲ್ಲ, ಅವಳು ಈಚೆ ದಡದಲ್ಲಿ ಚಾದ ಕೆಟಲ್ ಹಿಡಿದುಕೊಂಡು ಯೋಚಿಸಿದಳು, ಇಷ್ಟು ಜನರ ಎದುರು ಸಾವಿನ ಮನೆಯ ವಿಷಯ ಎತ್ತುವುದು ಹೇಗೆ, ಹುಡುಗ ಇನ್ನೊಂದು ಮಾತು ಬಿಸಾಡಿದರೆ ಕಷ್ಟ, ಸಂಜೆ ಅವರ ಮನೆಗೇ ಹೋಗಿ ಸಮಾಧಾನವಾಗಿ ಹೇಳುವ, ಮಾತು ಒಳಗೆ ಆಡಿದರೆ ಚಂದ. ಇಂಗ್ಲೆಂಡಿನ ವಿದೇಶಾಂಗ ಮಂತ್ರಿಯೂ ಹಾಗೆಯೇ ಹದಿನಾಲ್ಕರ ಆ ಜುಲೈಯಲ್ಲಿ, ರಾಯಭಾರಿಗಳನ್ನು ಕರೆದು ಕೂರಿಸಿ ಮಾತಾಡುವ ಎಂದ, ಒಳ್ಳೆಯ ಮನುಷ್ಯ, ಹಕ್ಕಿಗಳನ್ನು ನೋಡುತ್ತಿದ್ದವನು, ತಾವು ಯಾರ ಕಡೆ ನಿಲ್ಲುತ್ತೇವೆ ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ, ಒಬ್ಬೊಬ್ಬರು ಅವನ ಮೌನವನ್ನು ಒಂದೊಂದು ರೀತಿ ಓದಿಕೊಂಡರು — ಇದಕ್ಕೂ ಅದಕ್ಕೂ ಹೋಲಿಕೆ ಬೇಡ, ಇಲ್ಲಿ ಕಾರಣ ಗೇಟು. ಕುಂಞಿ ತಿರುಗಿ ಹೋದರು, ಹೊರೆ ಹಾಗೆಯೇ ಹೊತ್ತುಕೊಂಡು.

ಸಂಜೆ ಅವಳು ಹೋದಳು, ಬಾಗಿಲು ತೆರೆಯಲಿಲ್ಲ, ಒಳಗೆ ಲೈಟು ಇತ್ತು, ಮರುದಿನವೂ ಹೋದಳು, ಮಗ ಬಂದು ಉಪ್ಪ ಇಲ್ಲ ಎಂದ, ಒಳಗೆ ಅಪ್ಪನ ಕೆಮ್ಮು ಕೇಳಿಸುತ್ತಿತ್ತು. ಮೂರನೆಯ ಬೆಳಿಗ್ಗೆ ಕಟ್ಟ ಹೋಗಿತ್ತು, ಆಚೆ ತುದಿಯಲ್ಲಿ ಬಾಯಿ ತೆರೆದುಕೊಂಡು, ಯಾರೂ ಒಡೆದದ್ದಲ್ಲ ಅಮ್ಮಾ, ಹುಕ್ರಪ್ಪ ಕೆಳಗಿಳಿದು ಕೈ ಹಾಕಿ ತೋರಿಸಿದ, ಮೊಣಕೈ ತನಕ ಹೋಯಿತು, ಏಡಿಯ ಬಿಲ, ಆಚೆ ದಡದ ಬಿಲ ಎಲ್ಲೆಲ್ಲಿ ಉಂಟು ಅಂತ ಕುಂಞಿ ಸಾಹೇಬ್ರ ಮನೆಯವರಿಗೇ ಗೊತ್ತು, ಅವರ ಅಜ್ಜನ ಕಾಲದಿಂದ ಆ ತುದಿ ತುಂಬುವುದು ಅವರೇ, ಈ ಮಕ್ಕಳು ಮೇಲಿಂದ ಮೇಲೆ ಮೆತ್ತಿದ್ದು, ನೀರು ಬಿಡ್ತದಾ. ಆದರೆ ಅಷ್ಟರಲ್ಲಿ ಕುಂಞಿಯೇ ಒಡೆದದ್ದೆಂದು ಜಿತೇಶ್ ದೂರು ಕೊಟ್ಟಾಗಿತ್ತು, ಕುಂಞಿ ಠಾಣೆಯ ಬೆಂಚಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ, ಅರುವತ್ತೈದು ವರ್ಷದ ಮನುಷ್ಯ, ಸಂಜೆ ಬಿಟ್ಟರು, ಅದಾಗಿ ಎರಡು ದಿನಕ್ಕೆ ಅವರ ಬೈಹುಲ್ಲಿನ ರಾಶಿಗೆ ಬೆಂಕಿ, ಮರುದಿನ ಜಿತೇಶನ ಮಾವನ ರಿಕ್ಷಾದ ಗಾಜು ಪುಡಿ, ಆಮೇಲೆ ಪೇಟೆಯಿಂದ ಯಾರ್ಯಾರೋ ಬೈಕಿನಲ್ಲಿ ಬಂದರು, ಯಾರೂ ಈ ಊರಿನವರಲ್ಲ, ಎರಡೂ ಕಡೆಯವರು, ಕಟ್ಟ ಮತ್ತೆ ಕಟ್ಟಲು ಯಾರೂ ನೀರಿಗೆ ಇಳಿಯಲಿಲ್ಲ — ಆಸ್ಟ್ರಿಯಾ ಎದ್ದಿತೆಂದು ರಷ್ಯಾ, ರಷ್ಯಾ ಎದ್ದಿತೆಂದು ಜರ್ಮನಿ, ಅದು ಎದ್ದಿತೆಂದು ಫ್ರಾನ್ಸು, ರೈಲಿನ ವೇಳಾಪಟ್ಟಿ ಒಮ್ಮೆ ಶುರುವಾದರೆ ನಡುವೆ ನಿಲ್ಲಿಸಲಿಕ್ಕೆ ಆಗುವುದಿಲ್ಲ ಎಂದು ದಂಡನಾಯಕರು ದೊರೆಗಳಿಗೇ ಹೇಳಿದರಂತೆ, ಅವಳಿಗೆ ಅದನ್ನು ಓದುವಾಗೆಲ್ಲ ಆ ದೊರೆಗಳ ಮೇಲೆ ಸಿಟ್ಟು ಬರುತ್ತಿತ್ತು, ಎದ್ದು ನಿಂತು ಸಾಕು ಎಂದು ಹೇಳಿದರೆ ಆಯಿತಲ್ಲ, ಅಷ್ಟು ಜನ ಸಾಯುವುದಕ್ಕಿಂತ, ಬಾಯಿ ಇರಲಿಲ್ಲವೇ ಅವರಿಗೆ. ಸಿದ್ಧಕಟ್ಟೆಯಲ್ಲಿ ಕಂಡಕ್ಟರ್ ಇಳಿಯಿರಿ ಟೀಚರ್, ನಿಮ್ಮ ಸ್ಟಾಪು ಹೋದೀತು, ಎಂದ, ಸ್ಟಾಪು ಇನ್ನೂ ಎರಡು ಉಂಟು ಮಾರಾಯ, ಎಂದಳು, ನಿದ್ದೆ ಬಂದವರ ಹಾಗೆ ಇದ್ರಿ ಅದಕ್ಕೆ, ಎಂದ ಅವನು, ನಿದ್ದೆ ಅಲ್ಲ, ಕಣ್ಣು ಮುಚ್ಚಿದ್ದಳು, ಹಸಿ ಸೊಪ್ಪು, ಒದ್ದೆ ಹೆಗಲು, ಆಚೆ ದಡ.

ಪಂಚಾಯತಿಯ ಸಭಾಭವನಕ್ಕೆ ಇನ್ನೂ ಬಣ್ಣದ ವಾಸನೆ, ಹೊಸ ಟೈಲ್ಸು, ಗೋಡೆಯ ಮೇಲೆ ಬಾವುಟ, ಆ ಯುದ್ಧ ಮುಗಿದ ಮೇಲೆ ಜಿನೀವಾದಲ್ಲಿ ದೇಶಗಳೆಲ್ಲ ಕೂತು ಮಾತಾಡಲೆಂದು ಬಿಳಿ ಅರಮನೆ ಕಟ್ಟಿದರು, ಅದು ಮುಗಿಯುವ ಹೊತ್ತಿಗೆ ಮಾತಾಡಲು ಯಾರಿಗೂ ಮನಸ್ಸು ಉಳಿದಿರಲಿಲ್ಲ. ತಾಲೂಕಿನಿಂದ ಬಂದ ಅಧಿಕಾರಿ ನಡುವೆ ಕೂತಿದ್ದಾರೆ, ಎದುರು ಟೈಪು ಮಾಡಿದ ಕಾಗದ, ಎರಡೂ ಕಡೆಯವರು ಶಾಂತಿಯಿಂದ ಇರಲು ಒಪ್ಪಿರುತ್ತಾರೆ, ಮಾತಾಡುವ ಮೊದಲೇ ಟೈಪಾದ ಒಪ್ಪಿಗೆ, ಒಳಗಿನ ಕುರ್ಚಿಗಳಲ್ಲಿ ಜಿತೇಶ್, ಅವನ ಮಾವ, ಪಂಚಾಯತಿ ಮೆಂಬರುಗಳು, ಪೇಟೆಯ ಇಬ್ಬರು ಮುಖಂಡರು, ಒಂದೊಂದು ಕಡೆಗೆ ಒಬ್ಬೊಬ್ಬರು — ಮಹಮ್ಮದ್ ಕುಂಞಿ ಎಲ್ಲಿ, ಅವರು ಹೊರಗಿನ ಬೆಂಚಿನಲ್ಲಿ, ಸಹಿಗೆ ಕರೆಯುತ್ತಾರಂತೆ, ಒಂಬೈನೂರ ಹತ್ತೊಂಬತ್ತರಲ್ಲಿ ಸೋತ ಜರ್ಮನಿಯವರನ್ನೂ ಅರಮನೆಯ ಕನ್ನಡಿಗಳ ಹಾಲಿಗೆ ಸಹಿಗೆ ಮಾತ್ರ ಕರೆದದ್ದು, ಅವಳು ಎದ್ದು ನಿಂತಳು, ಕರೆಯಿರಿ ಅವರನ್ನು ಒಳಗೆ, ನನಗೆ ಒಂದು ಮಾತು ಉಂಟು, ಅವರು ಇರುವಾಗಲೇ ಹೇಳಬೇಕು. ಕುಂಞಿ ಬಂದು ಬಾಗಿಲ ಪಕ್ಕ ನಿಂತರು, ಬಿಳಿ ಶರ್ಟು, ತೆಳ್ಳಗಾಗಿದ್ದಾರೆ, ಅವಳು ಜೋಡಿಸಿಟ್ಟ ಮೂರು ತುಂಡನ್ನೂ ಹೇಳಿದಳು, ಹೇಳಿಕೆ ಕೊಡದೆ ಇದ್ದದ್ದು ನಾನು, ಸಾವಿನ ಮನೆಯೆಂದು, ಯಾರ ಮಾತು ಕೇಳಿಯೂ ಅಲ್ಲ, ನನ್ನ ತಪ್ಪು, ಕಟ್ಟ ತಾನಾಗಿ ಹೋದದ್ದು, ಏಡಿಯ ಬಿಲ, ಬೇಕಾದರೆ ಹುಕ್ರಪ್ಪ ಹೇಳ್ತಾನೆ. ಟೀಚರು ಇತಿಹಾಸ ಶುರು ಮಾಡಿದರು, ಇನ್ನು ಚಾ ತಣಿದ ಹಾಗೆಯೇ, ಎಂದ ಜಿತೇಶ್, ಒಂದಿಬ್ಬರು ನಕ್ಕರು, ಅವನು ಮಾತ್ರ ನಗದೆ ನೆಲ ನೋಡುತ್ತಿದ್ದ. ಅಧಿಕಾರಿ ಮೆತ್ತಗೆ, ಮೇಡಂ, ನೀವು ಓದಿದವರು, ಹಳೆಯದನ್ನು ಕೆದಕುವುದು ಬೇಡ, ಎಲ್ಲ ಮುಗಿದಿದೆಯಲ್ಲ, ಸಹಿ ಮಾಡುವ. ಕುಂಞಿ ಪೆನ್ನು ತೆಗೆದುಕೊಂಡು ಕನ್ನಡದಲ್ಲಿ ನಿಧಾನವಾಗಿ ಪೂರ್ತಿ ಹೆಸರು ಬರೆದರು, ಪೆನ್ನಿನ ಮುಚ್ಚಳ ಹಾಕಿ ಕೊಟ್ಟರು, ಹೊರಗೆ ಹೋದರು.

ಅವಳು ಮೆಟ್ಟಿಲ ಹತ್ತಿರ ಅವರನ್ನು ಹಿಡಿದಳು, ಕುಂಞಿಯಣ್ಣ, ಹೋಗಬೇಡಿ, ನನಗೆ ಗೊತ್ತಿರಲಿಲ್ಲ, ಆ ಗೇಟಿನಿಂದ ತಿರುಗಿದ್ದಕ್ಕೆ ನಾನು ಎಷ್ಟು — ಅವರು ಕೈ ಅಡ್ಡ ಮಾಡಿದರು, ಸಿಟ್ಟಿಲ್ಲ, ಮಗುವಿಗೆ ಹೇಳುವ ಹಾಗೆ, ಅಕ್ಕ, ನೀವು ಗೇಟಿಗೆ ಬಂದದ್ದು ಆಯಿಶ ನೋಡಿದ್ದಾಳೆ, ಬೆಲ್ಲ ತಟ್ಟೆಗೆ ಹಾಕಿದ್ದಳು, ನೀವು ಹಿಂದೆ ಹೋದಾಗ ಅವಳು ಅತ್ತಳು, ನಾನೇ ಹೇಳಿದ್ದು, ಅವರಲ್ಲಿ ಸಾವಿನ ಮನೆಗೆ ಹೇಳಿಕೆ ಕೊಡುವ ಕ್ರಮ ಇಲ್ಲ ಮಾರಾಯ್ತಿ, ಅದು ಮರ್ಯಾದೆ, ನಾವು ಹೇಳಿಕೆ ಇಲ್ಲದೆಯೇ ಕಟ್ಟಕ್ಕೆ ಹೋಗುವ, ನಾನು ಹುಟ್ಟಿದ್ದು ಇಲ್ಲೇ ಅಲ್ವಾ, ಅಷ್ಟು ಗೊತ್ತಾಗುವುದಿಲ್ವಾ. ಅದಕ್ಕೇ ಸೊಪ್ಪು ಕಡಿದು ತಂದದ್ದು. ಬೆಳಿಗ್ಗೆಯಿಂದ, ಎರಡು ತಿಂಗಳಿನಿಂದ, ಅವಳು ಹೊತ್ತು ತಿರುಗಿದ ಗೇಟು ಕೈಯಿಂದ ಜಾರಿತು, ಹಿಡಿದುಕೊಳ್ಳಲು ಇನ್ನೇನೂ ಇಲ್ಲ, ಕುಂಞಿ ಶರ್ಟಿನ ತೋಳು ಇಳಿಸಿಕೊಳ್ಳುತ್ತ, ಹೇಳಿಕೆದು ದೊಡ್ಡದಲ್ಲ ಅಕ್ಕ, ಆ ಹುಡುಗ ಕೇಳಿದಾಗ ನಾನು ನಿಮ್ಮ ಮುಖ ನೋಡಿದೆ, ಎಂದರು, ಅಷ್ಟೇ, ನಾಳೆ ಬೆಳಿಗ್ಗೆ ಟೆಂಪೋ ಬರ್ತದೆ, ಆಯಿಶ ನಿಮ್ಮನ್ನು ಕೇಳಿದ್ದಾಳೆ ಅಂತ ಹೇಳಲಿಕ್ಕೆ ಹೇಳಿದಳು, ಎಂದರು, ರಸ್ತೆ ದಾಟಿದರು, ಒಳಗಿನಿಂದ ಚಾ ಲೋಟಗಳ ಸದ್ದು, ಟೀಚರೇ ಬನ್ನಿ ನಿಮ್ಮ ಸಹಿ ಒಂದು ಬಾಕಿ, ಯಾರೋ ಕರೆಯುತ್ತಿದ್ದಾರೆ, ಅವಳಿಗೆ ಕೇಳಿಸುತ್ತದೆ, ಕೇಳಿಸಿದರೂ ಅವಳು ಇರುವುದು ಇಲ್ಲಲ್ಲ, ತೋಡಿನ ಈಚೆ, ಕೆಟಲಿನ ಹಿಡಿ ಬೆರಳಿಗೆ ಬಿಸಿ, ಗೂಟ ಹೊಡೆಯುವ ಸದ್ದು ನಿಂತಿದೆ, ಜಿತೇಶನ ಕಡೆ ಅಲ್ಲ, ಜಿತೇಶನ ಕಡೆ ಅವರು ನೋಡಿರಲೇ ಇಲ್ಲ, ನೀರಿನ ಮೇಲಿಂದ ನೇರ ಈಚೆ, ಅವಳ ಕಡೆ, ಇಬ್ಬನಿ ಕಿವಿಯ ಪಕ್ಕ ಇಳಿಯುತ್ತಿದೆ, ಇನ್ನೂ ಹೊತ್ತಿದೆ, ಬನ್ನಿ ಕುಂಞಿಯಣ್ಣ ಎಂದರೆ ಸಾಕು, ಬನ್ನಿ ಎಂದರೆ ಸಾಕು, ಅವರು ನೋಡುತ್ತಲೇ ಇದ್ದಾರೆ, ಹೊರೆ ತಲೆಯ ಮೇಲೆಯೇ ಇದೆ